ಸಾಹಿತ್ಯವೋ, ಕಲೆಯೋ, ತತ್ತ್ವಶಾಸ್ತ್ರವೋ: ಮೈಸೂರು-ಮಂಡ್ಯದ ಪದವೀಧರರಿಗೊಂದು ಹೋಲಿಕೆ

ಪದವಿಯ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದು, ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಕರೆಯುವವರೆಗಿನ ಕೆಲವು ವಾರಗಳಲ್ಲಿ ನನ್ನ ಬಳಿ ಬರುವ ವಿದ್ಯಾರ್ಥಿಗಳ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕನ್ನಡ ಎಂ.ಎ. ಮಾಡುವುದೋ ಇಂಗ್ಲಿಷ್ ಹಿಡಿಯುವುದೋ, ತತ್ತ್ವಶಾಸ್ತ್ರ ಓದಿದರೆ ಅನ್ನ ಹುಟ್ಟುತ್ತದೆಯೋ ಇಲ್ಲವೋ, ಚಿತ್ರ ಬರೆಯುವ ಹುಚ್ಚನ್ನು ಓದಿಗೆ ಹೊಂದಿಸುವ ದಾರಿ ಯಾವುದು. ಕಳೆದ ವರ್ಷ ಮದ್ದೂರಿನ ಕಡೆಯ ಹುಡುಗಿಯೊಬ್ಬಳು, "ಮೂರನ್ನೂ ಒಟ್ಟಿಗೆ ಕಲಿಸುವ ಕೋರ್ಸು ಇಲ್ವಾ ಸರ್?" ಎಂದೇ ಕೇಳಿದಳು. ಅವಳ ಕಣ್ಣಲ್ಲಿ ಅಂಥದ್ದೊಂದು ಇದ್ದೇ ಇರಬೇಕು ಎಂಬ ನಂಬಿಕೆಯಿತ್ತು. ನಮ್ಮ ಭಾಗದಲ್ಲಿ ಈ ಮೂರು ವಿಷಯಗಳೂ ಬೇರೆ ಬೇರೆ ವಿಭಾಗಗಳಲ್ಲಿ, ಬೇರೆ ಬೇರೆ ಕಟ್ಟಡಗಳಲ್ಲಿ ನಿಂತಿವೆ. ಒಂದನ್ನು ತವರು ಮಾಡಿಕೊಂಡು ಉಳಿದೆರಡರ ಜೊತೆ ನೆಂಟಸ್ತಿಕೆ ಉಳಿಸಿಕೊಳ್ಳುವುದೇ ಇಲ್ಲಿ ಸಾಧ್ಯವಿರುವ ದಾರಿ. ಆದ್ದರಿಂದ ಯಾವುದು ದೊಡ್ಡ ವಿಷಯ ಎನ್ನುವುದಕ್ಕಿಂತ ಯಾವುದು ತವರಾಗಬೇಕು ಎನ್ನುವುದನ್ನು ಯೋಚಿಸಬೇಕಾಗುತ್ತದೆ.

ಅಳೆಯುವುದು ಹೇಗೆ

ಮೊದಲನೆಯ ಅಳತೆ ದಿನಚರಿಯದು. ಎರಡು ವರ್ಷ, ನಾಲ್ಕು ಸೆಮಿಸ್ಟರು, ಪ್ರತಿದಿನ ನೀವು ಮಾಡುವ ಕೆಲಸ ಯಾವುದು? ಸಾಹಿತ್ಯದವನು ಓದುತ್ತಾನೆ, ಕಲೆಯವನು ಕೈಯಿಂದ ಮಾಡುತ್ತಾನೆ, ತತ್ತ್ವಶಾಸ್ತ್ರದವನು ಒಂದೇ ಪುಟದ ಮುಂದೆ ಮೂರು ದಿನ ಕುಳಿತು ವಾದವನ್ನು ಬಿಡಿಸುತ್ತಾನೆ. ವಿಷಯದ ಹೆಸರನ್ನು ಪ್ರೀತಿಸಿ ಅದರ ದಿನಚರಿಯನ್ನು ಸಹಿಸಲಾಗದೆ ಎರಡನೆಯ ಸೆಮಿಸ್ಟರಿಗೇ ಬಿಟ್ಟುಹೋದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಎರಡನೆಯದು ಭಾಷೆ. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವವರು ಇಂಗ್ಲಿಷ್ ಮಾಧ್ಯಮದ ವಿಷಯಕ್ಕೆ ಹೋದರೆ ಮೊದಲ ವರ್ಷದ ಅರ್ಧ ಶಕ್ತಿ ಭಾಷೆಯ ಜೊತೆಗಿನ ಗುದ್ದಾಟದಲ್ಲೇ ಕಳೆಯುತ್ತದೆ. ಆ ಗುದ್ದಾಟ ಬೇಡವೆಂದಲ್ಲ, ಅದಕ್ಕೆ ಸಿದ್ಧರಿದ್ದೀರಾ ಎಂದಷ್ಟೇ ಪ್ರಶ್ನೆ. ಮೂರನೆಯದು ಓದಿದ ಮೇಲಿನ ಕೆಲಸ. ನಾಲ್ಕನೆಯದು ಖರ್ಚು ಮತ್ತು ದಾರಿ, ಅಂದರೆ ಶುಲ್ಕ, ಸಾಮಗ್ರಿ, ಹಾಸ್ಟೆಲ್ಲು, ಬಸ್ಸು. ಕೊನೆಯದು, ಆ ವಿಭಾಗದೊಳಗೆ ಇದ್ದುಕೊಂಡೇ ಪಕ್ಕದ ವಿಷಯಗಳ ಕಡೆ ಅಲೆದಾಡಲು ಎಷ್ಟು ಜಾಗವಿದೆ ಎಂಬುದು.

ಇವುಗಳ ಜೊತೆಗೆ ನಾನು ವಿದ್ಯಾರ್ಥಿಗಳಿಗೆ ಹೇಳುವ ಒಂದು ಚಿಕ್ಕ ಪರೀಕ್ಷೆ ಇದೆ. ಒಂದು ಭಾನುವಾರ ಸೋಮನಾಥಪುರಕ್ಕೆ ಹೋಗಿ. ಮೈಸೂರಿನಿಂದ ಮೂವತ್ತೈದು ಕಿಲೋಮೀಟರಿನ ಆಸುಪಾಸು. 1258ರಲ್ಲಿ ಪ್ರತಿಷ್ಠೆಯಾದ ಕೇಶವ ದೇವಾಲಯದ ಹೊರಗೋಡೆಯನ್ನು ನಿಧಾನವಾಗಿ ಸುತ್ತುತ್ತ ಬಂದರೆ, ಕೆಲವು ವಿಗ್ರಹಗಳ ಪೀಠದ ಅಂಚಿನಲ್ಲಿ ಬೆರಳುದ್ದದ ಅಕ್ಷರಗಳಲ್ಲಿ ಮಲ್ಲಿತಮ್ಮ ಎಂಬ ಹೆಸರು ಕಾಣುತ್ತದೆ. ಶಿಲ್ಪಿಯ ರುಜು ಅದು. ಆ ರುಜುವಿನ ಮುಂದೆ ನಿಂತಾಗ ನಿಮ್ಮ ತಲೆಯಲ್ಲಿ ತಾನಾಗಿ ಏಳುವ ಪ್ರಶ್ನೆ ಯಾವುದು ಎಂಬುದನ್ನು ಗಮನಿಸಿ. ಅಕ್ಷರದ ಬಳುಕು, ಹೆಸರಿನ ರೂಪ, ಕೇಶಿರಾಜನು ಕನ್ನಡಕ್ಕೆ ವ್ಯಾಕರಣ ಬರೆದ ಕಾಲದ ಆಸುಪಾಸಿನಲ್ಲೇ ಒಬ್ಬ ಶಿಲ್ಪಿ ಕನ್ನಡದಲ್ಲಿ ತನ್ನ ಹೆಸರು ಕೊರೆದನಲ್ಲ ಎಂಬ ಬೆರಗು ಮೊದಲು ಬಂದರೆ ನಿಮ್ಮ ಮನಸ್ಸು ಸಾಹಿತ್ಯದ ಕಡೆಗಿದೆ. ಬಳಪದ ಕಲ್ಲಿನಲ್ಲಿ ಸರದ ಮಣಿಗಳ ಹಿಂದೆ ಉಳಿ ಆಡಿದ್ದು ಹೇಗೆ, ಈ ಕೈಗೂ ಪಕ್ಕದ ವಿಗ್ರಹದ ಕೈಗೂ ಇರುವ ವ್ಯತ್ಯಾಸ ಏನು ಎಂದು ಕಣ್ಣು ಹುಡುಕತೊಡಗಿದರೆ ಕಲೆ. ಒಳಗೆ ಗರ್ಭಗುಡಿಯಲ್ಲಿ ಮೂಲ ಕೇಶವ ವಿಗ್ರಹ ಈಗಿಲ್ಲ, ಪೂಜೆಯೂ ಇಲ್ಲ. ಹಾಗಾದರೆ ಇದು ಇನ್ನೂ ದೇವಸ್ಥಾನವೋ ಬರೀ ಕಲಾಕೃತಿಯೋ, ಪೂಜೆ ನಿಂತಾಗ ಮೂರ್ತಿಯ ಅರ್ಥ ಬದಲಾಗುತ್ತದೆಯೋ ಎಂಬ ಪ್ರಶ್ನೆ ಮನೆಗೆ ಬಂದ ಮೇಲೂ ನಿಮ್ಮನ್ನು ಬಿಡದಿದ್ದರೆ ನೀವು ತತ್ತ್ವಶಾಸ್ತ್ರದ ಬಾಗಿಲು ತಟ್ಟಬೇಕಾದವರು. ಮೂರೂ ಪ್ರಶ್ನೆ ಬರುತ್ತವೆ ಎನ್ನುವವರೇ ಹೆಚ್ಚು. ಆದರೆ ಮೊದಲು ಬಂದದ್ದು ಯಾವುದು ಎಂಬುದರಲ್ಲಿ ಸುಳ್ಳು ಹೇಳಿಕೊಳ್ಳುವುದು ಕಷ್ಟ.

ಕನ್ನಡ

ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ನಮ್ಮ ಕಡೆಯವರಿಗೆ ಮೊದಲು ಹೊಳೆಯುವ ಜಾಗ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯಕ್ಕೆ 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಅವರೇ ಈ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು. ಕನ್ನಡ ಎಂ.ಎ. ಸುಲಭ ಎಂಬ ಮಾತು ಊರಲ್ಲಿ ಓಡಾಡುತ್ತದೆ. ಅದನ್ನು ನಂಬಿ ಬಂದವರಿಗೆ ಪಂಪನ ಕಂದ ಪದ್ಯವೊಂದನ್ನು ಕರಿಹಲಗೆಯ ಮೇಲೆ ಬರೆದು, ಲಘು-ಗುರು ಗುರುತಿಸಿ ಗಣ ಹಾಕಿ, ಸಂಧಿ ಬಿಡಿಸಿ, ಅನ್ವಯ ಹೇಳಿ ಎಂದಾಗ ಬೆವರು ಬರುತ್ತದೆ. ಹಳಗನ್ನಡ, ಛಂದಸ್ಸು, ವ್ಯಾಕರಣ, ಶಾಸನ, ಜಾನಪದ, ಆಧುನಿಕ ಸಾಹಿತ್ಯ ಇವೆಲ್ಲ ಒಂದೇ ಪದವಿಯಲ್ಲಿ ಬರುವುದರಿಂದ ಇದು ಹರವಾದ ಓದು. ತತ್ತ್ವಶಾಸ್ತ್ರದ ಸೆಳೆತವಿರುವ ಸಾಹಿತ್ಯದ ವಿದ್ಯಾರ್ಥಿಗೆ ಕಾವ್ಯಮೀಮಾಂಸೆಯ, ಅಂದರೆ ಕಾವ್ಯದ ಸ್ವರೂಪವನ್ನು ವಿಚಾರಿಸುವ ಶಾಸ್ತ್ರದ ಪತ್ರಿಕೆಯೇ ಒಂದು ಕಿಂಡಿ: ರಸ, ಧ್ವನಿ, ಆನಂದವರ್ಧನ, ಅಭಿನವಗುಪ್ತ ಎಂದು ಹೊರಟರೆ ಕಲೆಯ ಅನುಭವ ಎಂದರೇನು ಎಂಬ ಮೂಲ ಪ್ರಶ್ನೆಗೇ ಬಂದು ನಿಲ್ಲುತ್ತೀರಿ.

ಕೆಲಸದ ದೃಷ್ಟಿಯಿಂದ ಇದರ ಬಲ ಒಂದು ಸರಳ ಸಂಗತಿಯಲ್ಲಿದೆ. ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ಕನ್ನಡ ಒಂದು ಭಾಷಾ ವಿಷಯವಾಗಿ ಇದ್ದೇ ಇರುತ್ತದೆ, ಆದ್ದರಿಂದ ಹುದ್ದೆಗಳೂ ಇರುತ್ತವೆ. ಅದೇ ಕಾರಣಕ್ಕೆ ಪೈಪೋಟಿಯೂ ಹೆಚ್ಚು. ಒಂದು ಅತಿಥಿ ಉಪನ್ಯಾಸಕ ಹುದ್ದೆಗೆ ಬರುವ ಅರ್ಜಿಗಳ ಕಟ್ಟನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಿಯು ಉಪನ್ಯಾಸಕರಾಗುವ ಗುರಿಯಿದ್ದರೆ ಎಂ.ಎ. ಜೊತೆಗೆ ಬಿ.ಎಡ್. ಕೂಡ ಲೆಕ್ಕಕ್ಕೆ ಬರುತ್ತದೆ. ಎರಡು ವರ್ಷದ ಖರ್ಚು ಕೂಡಿಸುವಾಗ ಅದನ್ನು ಮರೆಯಬೇಡಿ.

ಜಾನಪದ ಮತ್ತು ಭಾಷಾವಿಜ್ಞಾನ ಇದರ ನೆರೆಮನೆಗಳು. ಜಯಲಕ್ಷ್ಮೀ ವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯವನ್ನು ಒಮ್ಮೆ ಸುತ್ತಿದರೆ ಸಾಹಿತ್ಯಕ್ಕೂ ಕಲೆಗೂ ನಡುವಿನ ಗೋಡೆ ಎಷ್ಟು ತೆಳು ಎಂದು ತಿಳಿಯುತ್ತದೆ. ಭಾಷಾವಿಜ್ಞಾನದವರಿಗೆ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ನಡೆದುಹೋಗುವಷ್ಟು ಹತ್ತಿರದಲ್ಲೇ ಇರುವುದು ಬೇರೆ ಊರಿನವರಿಗೆ ಸಿಗದ ಅನುಕೂಲ.

ಇಂಗ್ಲಿಷ್

ಕನ್ನಡದಲ್ಲೇ ಬರೆಯಬೇಕೆಂಬ ಆಸೆಯಿರುವವರು ಇಂಗ್ಲಿಷ್ ಎಂ.ಎ. ಎಂದರೆ ಹಿಂಜರಿಯುತ್ತಾರೆ. ಮೈಸೂರಿನ ಚರಿತ್ರೆ ಈ ಹಿಂಜರಿಕೆಗೆ ಒಪ್ಪುವುದಿಲ್ಲ. ಬಿ.ಎಂ.ಶ್ರೀ. ಇಂಗ್ಲಿಷ್ ಪ್ರಾಧ್ಯಾಪಕರು. ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್ ಇಬ್ಬರೂ ಇಂಗ್ಲಿಷ್ ಓದಿ, ಇಂಗ್ಲಿಷ್ ಕಲಿಸಿ, ಕನ್ನಡದಲ್ಲಿ ಬರೆದವರು. ಸಿ.ಡಿ. ನರಸಿಂಹಯ್ಯನವರು 1979ರಲ್ಲಿ ಮೈಸೂರಿನಲ್ಲೇ ಧ್ವನ್ಯಾಲೋಕ ಎಂಬ ಅಧ್ಯಯನ ಕೇಂದ್ರವನ್ನು ಕಟ್ಟಿದಾಗ, ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ತಮ್ಮ ಸಂಸ್ಥೆಗೆ ಭಾರತೀಯ ಕಾವ್ಯಮೀಮಾಂಸೆಯ ಹೆಸರಿಟ್ಟರು ಎಂಬುದೂ ನೆನಪಿರಲಿ.

ಈ ಪದವಿಯ ಲಾಭ ಬೋಧನೆಗಷ್ಟೇ ಸೀಮಿತವಲ್ಲ. ಖಾಸಗಿ ಶಾಲೆ, ಅನುವಾದ, ಪ್ರಕಾಶನ, ಕಂಪನಿಗಳ ಬರವಣಿಗೆ ಕೆಲಸ ಎಲ್ಲಕ್ಕೂ ಇದು ಒದಗುತ್ತದೆ. ಮನೆಯಲ್ಲಿ ಬೇಗ ಸಂಬಳ ಬೇಕು, ಆದರೆ ಸಾಹಿತ್ಯವನ್ನು ಬಿಡಲಾಗದು ಎನ್ನುವವರಿಗೆ ನಾನು ಹೆಚ್ಚಾಗಿ ಇದನ್ನೇ ಹೇಳುತ್ತೇನೆ. ಕಳೆದುಕೊಳ್ಳುವುದೂ ಇದೆ. ಇಂದಿನ ಇಂಗ್ಲಿಷ್ ಪಠ್ಯದಲ್ಲಿ ಸಿದ್ಧಾಂತಗಳ ಪಾಲು ದೊಡ್ಡದು, ಪ್ಲೇಟೋನನ್ನು ಓದದೆಯೇ ಫ್ರೆಂಚ್ ಚಿಂತಕ ಡೆರಿಡಾನ ಮೇಲೆ ಹದಿನಾರು ಅಂಕದ ಉತ್ತರ ಬರೆಯುವವರು ಇದ್ದಾರೆ. ತತ್ತ್ವಶಾಸ್ತ್ರಕ್ಕೆ ಇದೇ ಹಿಂಬಾಗಿಲು ಎಂದುಕೊಂಡು ಹೋದವರಿಗೆ ಬುನಾದಿಯಿಲ್ಲದ ಮಹಡಿ ಸಿಗುವ ಅಪಾಯವಿದೆ. ತತ್ತ್ವಶಾಸ್ತ್ರ ವಿಭಾಗದ ಒಂದು ಓಪನ್ ಎಲೆಕ್ಟಿವ್ (ಬೇರೆ ವಿಭಾಗದವರೂ ಆರಿಸಿಕೊಳ್ಳಬಹುದಾದ ಪತ್ರಿಕೆ) ತೆಗೆದುಕೊಂಡರೆ ಈ ಕೊರತೆ ಒಂದಿಷ್ಟು ನೀಗುತ್ತದೆ.

ತತ್ತ್ವಶಾಸ್ತ್ರ

ಮೈಸೂರಿನ ಹೆಸರು ದೊಡ್ಡದಿರುವುದು ನಿಜಕ್ಕೂ ಇಲ್ಲಿ. ಮಹಾರಾಜ ಕಾಲೇಜಿನಲ್ಲಿ ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಕಲಿಸಿದರು. ಅದೇ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ಬಗ್ಗೆಯೂ ಕಲಾನುಭವದ ಬಗ್ಗೆಯೂ ಬರೆದದ್ದನ್ನು ಇವತ್ತಿಗೂ ಬದಿಗಿಟ್ಟು ಈ ವಿಷಯ ಓದಲಾಗದು. ಸಾಹಿತ್ಯ, ಕಲೆ, ತತ್ತ್ವ ಮೂರೂ ಒಬ್ಬರಲ್ಲಿ ಸೇರಬಲ್ಲವೇ ಎಂದು ಕೇಳುವವರಿಗೆ ಎಸ್.ಎಲ್. ಭೈರಪ್ಪನವರ ದಾರಿಯನ್ನು ತೋರಿಸಬಹುದು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಎಂ.ಎ., ಬರೋಡಾದ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸತ್ಯ ಮತ್ತು ಸೌಂದರ್ಯದ ಸಂಬಂಧವನ್ನು ಕುರಿತ ಪಿಎಚ್.ಡಿ., ಆಮೇಲೆ ಅರ್ಧ ಶತಮಾನದ ಕಾದಂಬರಿ ಬರವಣಿಗೆ. ತವರು ತತ್ತ್ವಶಾಸ್ತ್ರ, ಹೆಸರು ತಂದದ್ದು ಸಾಹಿತ್ಯ.

ಹೆಮ್ಮೆ ಹೊಟ್ಟೆ ತುಂಬಿಸುವುದಿಲ್ಲ ಎಂಬುದನ್ನೂ ಹೇಳಬೇಕು. ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ಕಲಿಸುವ ಪದವಿ ಕಾಲೇಜುಗಳು ಕಡಿಮೆ. ಪಿಯುನಲ್ಲಿ ತರ್ಕಶಾಸ್ತ್ರವಿದೆ, ಆದರೆ ಎಲ್ಲ ಕಾಲೇಜುಗಳಲ್ಲೂ ಇಲ್ಲ. ಹುದ್ದೆ ಖಾಲಿಯಾದರೆ ಸ್ಪರ್ಧಿಗಳು ಕಡಿಮೆ, ಆದರೆ ಹುದ್ದೆ ಖಾಲಿಯಾಗುವುದೇ ಅಪರೂಪ. ಇದಕ್ಕೆ ಪ್ರತಿಯಾಗಿ ಎರಡು ಲಾಭಗಳನ್ನು ತೂಗಬಹುದು. ತರಗತಿ ಚಿಕ್ಕದಾದಷ್ಟೂ ಮೇಷ್ಟರ ಜೊತೆ ಎದುರು ಕುಳಿತು ವಾದಿಸುವ ಅವಕಾಶ ಹೆಚ್ಚು. ಅರವತ್ತು ಜನರ ತರಗತಿಯಲ್ಲಿ ಅದು ಕನಸು. ಇನ್ನೊಂದು, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯಕ್ಕೆ ಎರಡು ಪತ್ರಿಕೆಗಳಿಂದ 500 ಅಂಕಗಳಿವೆ, ತತ್ತ್ವಶಾಸ್ತ್ರದ ಪಠ್ಯ ಅಲ್ಲಿ ಚಿಕ್ಕದು ಎಂಬ ಕಾರಣಕ್ಕೇ ಹಲವರು ಅದನ್ನು ಆರಿಸಿಕೊಳ್ಳುತ್ತಾರೆ. ಕನ್ನಡ ಸಾಹಿತ್ಯವೂ ಆ ಪಟ್ಟಿಯಲ್ಲಿದೆ. ಆದರೆ ಪರೀಕ್ಷೆಗಾಗಿಯೇ ಎರಡು ವರ್ಷದ ಎಂ.ಎ. ಮಾಡುವುದು ಬೆಣ್ಣೆಗಾಗಿ ಎಮ್ಮೆ ಸಾಕಿದಂತೆ, ಮೇವಿನ ಖರ್ಚು ನೋಡಿಕೊಂಡು ಹೊರಡಿ.

ಮಂಡ್ಯದವರಿಗೆ ಒಂದು ಮಾತು. ಮೇಲುಕೋಟೆ ನಿಮ್ಮ ಜಿಲ್ಲೆಯಲ್ಲೇ ಇದೆ. ರಾಮಾನುಜರ ವಿಶಿಷ್ಟಾದ್ವೈತವನ್ನು ಪುಸ್ತಕದಲ್ಲಿ ಓದಿ, ಅದೇ ಪರಂಪರೆ ಬದುಕಿರುವ ಬೀದಿಯಲ್ಲಿ ನಡೆದು, ಅಲ್ಲಿನ ಸಂಸ್ಕೃತ ಸಂಶೋಧನಾ ಸಂಸತ್ತಿನ ಗ್ರಂಥಾಲಯದಲ್ಲಿ ಕುಳಿತುಕೊಳ್ಳುವ ಅವಕಾಶ ಬೇರೆ ಜಿಲ್ಲೆಯ ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಇಷ್ಟು ಸಲೀಸಲ್ಲ. ಭಾರತೀಯ ದರ್ಶನಗಳಲ್ಲಿ ಮುಂದೆ ಪಿಎಚ್.ಡಿ. ಮಾಡುವ ಆಲೋಚನೆಯಿದ್ದರೆ ಎಂ.ಎ. ಮಾಡುವಾಗಲೇ ಸಂಸ್ಕೃತ ಕಲಿಯಲು ತೊಡಗಿ. ಅನುವಾದ ಹಿಡಿದುಕೊಂಡು ಎರಡು ವರ್ಷ ದಾಟಬಹುದು, ಐದು ವರ್ಷ ದಾಟಲಾಗದು.

ಕಲೆ

ಇಲ್ಲಿ ಮೊದಲೇ ಒಂದು ಬೇಲಿ ಇದೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್ ಮುಂತಾದವುಗಳಲ್ಲಿ ಸ್ನಾತಕೋತ್ತರ ಓದಿಗೆ ಸಾಮಾನ್ಯವಾಗಿ ದೃಶ್ಯಕಲೆಯ ಪದವಿಯೇ ಬೇಕು. ಬಿ.ಎ. ಮಾಡಿದವರು ನೋಟ್‌ಬುಕ್ಕಿನ ತುಂಬ ಎಷ್ಟೇ ಚೆನ್ನಾಗಿ ಚಿತ್ರ ಬರೆದಿದ್ದರೂ ಆ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಬಿ.ಎಫ್.ಎ. ಅಥವಾ ಬಿ.ವಿ.ಎ. ಮುಗಿಸಿದವರಿಗೆ ಮೈಸೂರಿನಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಡಿಯಲ್ಲಿರುವ ಇದರ ಬೇರು, ಒಡೆಯರ ಕಾಲದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಸಂಗೀತ, ನೃತ್ಯ, ನಾಟಕದವರಿಗೆ ಮೈಸೂರಿನಲ್ಲೇ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವಿದೆ. ರಂಗಭೂಮಿಯೇ ಗುರಿಯಾದರೆ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದ ಅಂಗಳವನ್ನೂ ನೋಡಿ ಬನ್ನಿ.

ಖರ್ಚಿನ ಲೆಕ್ಕ ಇಲ್ಲಿ ಬೇರೆಯೇ. ಸಾಹಿತ್ಯದ ವಿದ್ಯಾರ್ಥಿ ಗ್ರಂಥಾಲಯದ ಪುಸ್ತಕ ಮತ್ತು ಝೆರಾಕ್ಸ್ ನೆಚ್ಚಿಕೊಂಡು ಎರಡು ವರ್ಷ ಕಳೆಯಬಲ್ಲ. ಕಲೆಯವನಿಗೆ ಕ್ಯಾನ್ವಾಸು, ತೈಲವರ್ಣ, ಎಚ್ಚಿಂಗಿಗೆ ಜಿಂಕ್ ಪ್ಲೇಟು, ಶಿಲ್ಪಕ್ಕೆ ಕಲ್ಲು-ಮರ ಹೀಗೆ ಪ್ರತಿ ತಿಂಗಳೂ ಕೈ ಕಚ್ಚುತ್ತದೆ. ಶುಲ್ಕಕ್ಕಿಂತ ಸಾಮಗ್ರಿಯ ವೆಚ್ಚವೇ ದೊಡ್ಡದಾಗಬಹುದು. ಸ್ಟುಡಿಯೋ ಕೆಲಸ ಸಂಜೆಯವರೆಗೂ ಎಳೆಯುವುದರಿಂದ ದಿನವೂ ಮಂಡ್ಯದಿಂದ ಓಡಾಡುವುದು ನಡೆಯದ ಮಾತು, ಕೊಠಡಿಯ ಬಾಡಿಗೆಯನ್ನೂ ಸೇರಿಸಿಕೊಳ್ಳಿ. ಓದಿದ ಮೇಲೆ ಚಿತ್ರಕಲಾ ಶಿಕ್ಷಕ, ಕಲಾ ಕಾಲೇಜಿನ ಉಪನ್ಯಾಸಕ, ವಿನ್ಯಾಸ, ಸ್ವಂತ ಕಲಾಭ್ಯಾಸ ಹೀಗೆ ದಾರಿಗಳಿವೆ. ಯಾವ ದಾರಿಯಲ್ಲೂ ನಿಮ್ಮ ಅಂಕಪಟ್ಟಿಗಿಂತ ಮೊದಲು ನೋಡುವುದು ನಿಮ್ಮ ಕೆಲಸಗಳ ಕಡತವನ್ನು.

ಬೇಲಿಯ ಹೊರಗೆ ಉಳಿದ ಬಿ.ಎ.ಯವರು ನಿರಾಶರಾಗಬೇಕಿಲ್ಲ. ಮಾಡುವ ಕಲೆಗಿಂತ ನೋಡುವ ಕಲೆ ನಿಮಗೆ ಮುಖ್ಯವಾದರೆ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗ ಹತ್ತಿರದ ದಾರಿ: ದೇವಾಲಯ ವಾಸ್ತು, ಮೂರ್ತಿಶಿಲ್ಪ, ಶಾಸನ ಎಲ್ಲವೂ ಅಲ್ಲಿಯೇ ಬರುತ್ತವೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಚಿತ್ರ, ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳು ಪ್ರಯೋಗಾಲಯದಂತೆ ಪಕ್ಕದಲ್ಲೇ ಇವೆ. ಕೈಗೆ ಕೆಲಸ ಬೇಕೇ ಬೇಕೆಂದರೆ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಗುರುಗಳೊಬ್ಬರ ಬಳಿ ಸಂಜೆಯ ಹೊತ್ತು ಕಲಿಯುತ್ತ, ಹಗಲು ಕನ್ನಡ ಎಂ.ಎ. ಮಾಡಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆಯೇ ಮಾಡಿದ. ಚಿತ್ರದ ಉಬ್ಬುಕೆಲಸದ ಗೆಸ್ಸೋ ಲೇಪ ಒಣಗುವವರೆಗೆ ಕಾಯುತ್ತ ಜನ್ನನ ಪದ್ಯ ಬಾಯಿಪಾಠ ಮಾಡುತ್ತಿದ್ದ.

ಮಂಡ್ಯದಲ್ಲೇ, ಮೈಸೂರಿನಲ್ಲಿ, ಅಥವಾ ಮನೆಯಿಂದಲೇ

ವಿಷಯ ತೀರ್ಮಾನವಾದ ಮೇಲೆ ಜಾಗದ ಪ್ರಶ್ನೆ. ಮಂಡ್ಯದಿಂದ ಮೈಸೂರಿಗೆ ಸುಮಾರು ನಲವತ್ತೈದು ಕಿಲೋಮೀಟರು. ಬಸ್ಸಿಳಿದು ಗಂಗೋತ್ರಿಗೆ ಮತ್ತೊಂದು ಬಸ್ಸು ಹಿಡಿಯುವ ಹೊತ್ತನ್ನೂ ಸೇರಿಸಿದರೆ ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲೇ ಹೋಗುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾದದ್ದು ಈ ಲೆಕ್ಕವನ್ನು ದೊಡ್ಡದಾಗಿ ಬದಲಿಸಿದೆ. ಹಣ ಉಳಿಯುತ್ತದೆ, ಹೊತ್ತು ಉಳಿಯುವುದಿಲ್ಲ. ಓದೇ ಮುಖ್ಯವಾದ ಕನ್ನಡ ಎಂ.ಎ.ಗೆ ಈ ಓಡಾಟ ಹೇಗೋ ನಡೆಯುತ್ತದೆ, ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು ಅಧ್ಯಾಯವೂ ಮುಗಿಯುತ್ತದೆ.

ಮಂಡ್ಯ ವಿಶ್ವವಿದ್ಯಾಲಯ 2019ರಲ್ಲಿ ಆರಂಭವಾಯಿತು. ಮನೆ ಬಿಡಲಾಗದವರಿಗೆ ಅದು ಸಹಜ ಆಯ್ಕೆ. ಹೊಸ ವಿಶ್ವವಿದ್ಯಾಲಯಗಳ ಮುಂದುವರಿಕೆಯ ಬಗ್ಗೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಚರ್ಚೆ ಎದ್ದಿದ್ದರಿಂದ, ನಿಮ್ಮ ಪದವಿ ಪ್ರಮಾಣಪತ್ರ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ಸೇರುವ ದಿನವೇ ಕೇಳಿಕೊಳ್ಳಿ. ನಿಮಗೆ ಬೇಕಾದ ವಿಷಯ ಆ ವರ್ಷದ ಪ್ರಕಟಣೆಯಲ್ಲಿದೆಯೇ ಎಂಬುದನ್ನೂ ನೋಡಿ.

ಈಗಾಗಲೇ ಶಾಲೆಯಲ್ಲೋ ಕಚೇರಿಯಲ್ಲೋ ಕೆಲಸದಲ್ಲಿರುವವರಿಗೆ 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. 2015ರಲ್ಲಿ ಅದರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆಗೆ ಧಕ್ಕೆ ಬಂದು 2018ರಲ್ಲಿ ಮರಳಿ ಸಿಕ್ಕಿತು. ಆ ಪಾಠ ನೆನಪಿಟ್ಟುಕೊಂಡು, ಯಾವುದೇ ದೂರಶಿಕ್ಷಣದ ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ಆ ವರ್ಷಕ್ಕೆ, ಆ ವಿಷಯಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿಯಲ್ಲಿ ನೋಡಿ. ತತ್ತ್ವಶಾಸ್ತ್ರ ಎಂ.ಎ.ಯನ್ನು ದೂರಶಿಕ್ಷಣದ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋ ಮೂಲಕವೂ ಮಾಡಬಹುದು. ಯುಜಿಸಿ 2022ರಿಂದ ಎರಡು ಪದವಿಗಳನ್ನು ಏಕಕಾಲದಲ್ಲಿ ಓದಲು ಅನುಮತಿಸಿರುವುದರಿಂದ, ಗಂಗೋತ್ರಿಯಲ್ಲಿ ಕನ್ನಡ, ದೂರಶಿಕ್ಷಣದಲ್ಲಿ ತತ್ತ್ವಶಾಸ್ತ್ರ ಎಂಬ ಜೋಡಿಯೂ ಈಗ ಕಾಗದದ ಮೇಲೆ ಸಾಧ್ಯ. ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಬರಹದಲ್ಲಿ ತಿಳಿದುಕೊಳ್ಳಿ. ಎರಡು ಪರೀಕ್ಷೆ ಒಂದೇ ತಿಂಗಳಲ್ಲಿ ಬಂದಾಗ ನಿದ್ದೆಗೆಡುವವರು ನೀವೇ ಎಂಬುದೂ ಗಮನದಲ್ಲಿರಲಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಪ್ರವೇಶದ ಗಡಿಬಿಡಿಯಲ್ಲಿ ಮರೆತು ವರ್ಷವಿಡೀ ಪರದಾಡಿದವರಿದ್ದಾರೆ.

ಯಾವ ವಿಷಯ ಹಿಡಿದರೂ ಪದವಿ ಕಾಲೇಜಿನಲ್ಲಿ ಅಧ್ಯಾಪನದ ಆಸೆಯಿದ್ದರೆ ಅಂಕದ ಗೆರೆ ಒಂದೇ: ಎಂ.ಎ.ಯಲ್ಲಿ ಶೇ. 55, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 50, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕವರಿಗೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ. ಸಂಶೋಧನೆಯ ಗುರಿಯಿರುವ ಬಡ ಮನೆಯ ಹುಡುಗರಿಗೆ ಈ ಒಂದು ಮೊತ್ತವೇ ವಿಷಯದ ಆಯ್ಕೆಯನ್ನು ತಿರುಗಿಸಬಲ್ಲದು, ಏಕೆಂದರೆ ಆಗ ಹುದ್ದೆಗಾಗಿ ಐದು ವರ್ಷ ಕಾಯುವ ಧೈರ್ಯ ಬರುತ್ತದೆ.

ಪ್ರಾಸ್ಪೆಕ್ಟಸ್ಸನ್ನು ಮಾತ್ರ ನಂಬಿ ಸೇರಬೇಡಿ. ನಾನು ಎಂ.ಎ.ಗೆ ಸೇರಿದ್ದು ಸೌಂದರ್ಯಮೀಮಾಂಸೆಯ ಒಂದು ಪತ್ರಿಕೆಯ ಆಸೆಗೆ. ಅದನ್ನು ಕಲಿಸುತ್ತಿದ್ದವರು ನಿವೃತ್ತರಾಗಿ ಎರಡು ವರ್ಷವಾಗಿತ್ತು, ಪತ್ರಿಕೆಯ ಹೆಸರು ಮಾತ್ರ ಪುಸ್ತಕದಲ್ಲಿ ಉಳಿದಿತ್ತು. ಅರ್ಜಿ ಹಾಕುವ ಮುನ್ನ ವಿಭಾಗಕ್ಕೆ ಒಮ್ಮೆ ಹೋಗಿ, ಕಡ್ಡಾಯದ ಹಾರ್ಡ್ ಕೋರ್ ಪತ್ರಿಕೆಗಳು ಬಿಡಿ, ಆಯ್ಕೆಯ ಸಾಫ್ಟ್ ಕೋರ್‌ಗಳಲ್ಲಿ ಕಳೆದ ವರ್ಷ ನಿಜವಾಗಿ ನಡೆದದ್ದು ಯಾವುವು, ಬೇರೆ ವಿಭಾಗದ ಓಪನ್ ಎಲೆಕ್ಟಿವ್‌ಗೆ ಹೋಗಲು ವೇಳಾಪಟ್ಟಿ ಅಡ್ಡ ಬರುತ್ತದೆಯೇ, ನಾಲ್ಕನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಎರಡು ವಿಷಯ ಬೆರೆಸಿದರೆ ಮಾರ್ಗದರ್ಶಕರು ಒಪ್ಪುತ್ತಾರೆಯೇ ಎಂದು ಎರಡನೆಯ ವರ್ಷದ ವಿದ್ಯಾರ್ಥಿಗಳನ್ನೇ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಕೇಳಿ. ಮದ್ದೂರಿನ ಹುಡುಗಿ ಹಾಗೆ ಕೇಳಿಯೇ ಕನ್ನಡಕ್ಕೆ ಸೇರಿದಳು. ಅವಳ ಕಿರುಪ್ರಬಂಧದ ಪ್ರಸ್ತಾವನೆ ಈಗ ನನ್ನ ಮೇಜಿನ ಮೇಲಿದೆ, ಹೊಯ್ಸಳ ಶಿಲ್ಪಿಗಳ ರುಜುಗಳ ಭಾಷೆಯ ಬಗ್ಗೆ.